ಒಂದು ವಾರಕ್ಕೆ ಒಂದೇ ಕೀರ್ತನೆ: ಸತ್ಯವೇದವನ್ನು ಮೆಲುಕು ಹಾಕಿ ಓದುವ ಕ್ರಮ

ಹೊಸ ವರ್ಷದ ದಿನ ಆದಿಕಾಂಡ ಹಿಡಿದು, ಡಿಸೆಂಬರ್ ಒಳಗೆ ಸತ್ಯವೇದ (ಬೈಬಲ್) ಪೂರ್ತಿ ಓದಿಬಿಡುತ್ತೇನೆ ಎಂದು ಹೊರಡುವವರ ಪಾಡು ನನಗೆ ಚೆನ್ನಾಗಿ ಗೊತ್ತು. ನಾನೇ ನಾಲ್ಕು ಸಲ ಹೊರಟಿದ್ದೇನೆ. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರೋ ನಾಲ್ಕೋ ಆಗಬೇಕು. ಆದಿಕಾಂಡ ಕಥೆಯ ಹಾಗೆ ಓಡುತ್ತದೆ. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೆ ತೊಂದರೆಯಿಲ್ಲ. ಫೆಬ್ರವರಿಗೆ ಯಾಜಕಕಾಂಡ ಬರುತ್ತದೆ. ಚರ್ಮದ ಮಚ್ಚೆ, ಗೋಡೆಯ ಬೂಷ್ಟು ಎಲ್ಲವನ್ನೂ ಯಾಜಕ ಪರೀಕ್ಷಿಸುವ ಹೊತ್ತಿಗೆ ಗುರುತಿನ ರಿಬ್ಬನ್ ಅಲ್ಲೇ ನಿಂತುಬಿಡುತ್ತದೆ.

ಇದಕ್ಕಿಂತ ಹಳೆಯ, ತುಂಬ ನಿಧಾನದ ಇನ್ನೊಂದು ಕ್ರಮವಿದೆ. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಕೈಕೆಲಸಕ್ಕೆ ಇಂತಿಷ್ಟು ಹೊತ್ತು, ಪವಿತ್ರ ಓದಿಗೆ ಇಂತಿಷ್ಟು ಹೊತ್ತು ಎಂದು ಗೊತ್ತುಮಾಡಿದ್ದರು. 12ನೇ ಶತಮಾನದಲ್ಲಿ ಫ್ರಾನ್ಸಿನ ಕಾರ್ತೂಸಿಯನ್ ಮಠದ ಮುಖ್ಯಸ್ಥ ಎರಡನೇ ಗ್ವಿಗೊ ಆ ಓದಿಗೆ ನಾಲ್ಕು ಮೆಟ್ಟಿಲಿನ ಏಣಿ ಕಟ್ಟಿಕೊಟ್ಟರು: ಓದು, ಮನನ, ಪ್ರಾರ್ಥನೆ, ದೇವರಲ್ಲಿ ಮುಳುಗುವ ಮೌನ. ಅವರ ಹೋಲಿಕೆ ಊಟದ್ದು. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರಸ ಹೀರುತ್ತದೆ, ಕೊನೆಯದು ಆ ಸವಿಯೇ. ಲ್ಯಾಟಿನ್‌ನಲ್ಲಿ ಇದರ ಹೆಸರು ಲೆಕ್ಟಿಯೊ ಡಿವಿನಾ. ಅಲ್ಲಿನ ಸನ್ಯಾಸಿಗಳು ಇದಕ್ಕೆ ದನ ಮೆಲುಕು ಹಾಕುವ ಮಾತನ್ನೂ ಬಳಸುತ್ತಿದ್ದರು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹಳೆಯ ನೆನಪನ್ನೂ ಮೆಲುಕು ಹಾಕುವ ಜನ ನಾವು.

ಮೊದಲು ಭಾಗ ಆರಿಸಿಕೊಳ್ಳಿ

ವಾರಕ್ಕೆ ಒಂದು ಕೀರ್ತನೆ, ಅಂದರೆ ಸತ್ಯವೇದದ ಕೀರ್ತನೆಗಳ ಗ್ರಂಥದ ಒಂದು ಹಾಡು ಸಾಕು, ಅದೂ ಹತ್ತು ವಚನದೊಳಗಿನದು (ವಚನ ಎಂದರೆ ಇಲ್ಲಿ ಸಂಖ್ಯೆ ಹಾಕಿದ ಒಂದೊಂದು ಸಾಲು). 23 (ಆರು ವಚನ), 121 (ಎಂಟು), 13 (ಆರು), 131 (ಮೂರೇ ಮೂರು) ಆರಂಭಕ್ಕೆ ಚೆನ್ನ. 119ಕ್ಕೆ ಕೈ ಹಾಕಬೇಡಿ, ಅದು 176 ವಚನದ್ದು. ಹಾಕಲೇಬೇಕೆಂದರೆ ಹೀಬ್ರೂ ಅಕ್ಷರಮಾಲೆಯ ಪ್ರಕಾರ ಎಂಟೆಂಟು ವಚನದ 22 ತುಂಡುಗಳಾಗಿ ಅದು ಮೊದಲೇ ಹಂಚಿಕೊಂಡಿದೆ. ಒಂದು ತುಂಡು ಒಂದು ವಾರಕ್ಕೆ.

ಕಣ್ಣು ಮುಚ್ಚಿ ಪುಸ್ತಕ ಬಿಚ್ಚಿ, ಬೆರಳಿಟ್ಟ ಕಡೆ ಓದುವವರಿದ್ದಾರೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಚೀಟಿ (ಹೊಸ ವರ್ಷಕ್ಕೆ ದೇವರ ಮಾತೆಂದು ಒಂದು ವಚನ ಬರೆದ ಚೀಟಿ) ಎತ್ತುವುದು ನಮ್ಮ ಎಷ್ಟೋ ಸಭೆಗಳಲ್ಲಿ ರೂಢಿ. ನಾನೂ ಎತ್ತುತ್ತೇನೆ, ಆ ಸಂಭ್ರಮವೇ ಬೇರೆ. ಆದರೆ ದಿನದಿನದ ಓದಿಗೆ ಚೀಟಿ ಎತ್ತುವ ಅಭ್ಯಾಸ ಒಳ್ಳೆಯದಲ್ಲ. ಬೇಕಾದದ್ದು ಸಿಗುವ ತನಕ ಇನ್ನೊಂದು ಚೀಟಿ ಎತ್ತೋಣ ಅನ್ನಿಸುತ್ತದೆ.

ಹೊತ್ತು, ಜಾಗ

ಇಪ್ಪತ್ತು ನಿಮಿಷ. ಬೆಳಗಿನ ಕಾಫಿ ಆದಮೇಲೆ, ಕುಕ್ಕರ್ ಕೂಗುವುದಕ್ಕೆ ಮುಂಚೆ ಸಿಗುವ ಬಿಡುವು ನನ್ನದು. ದಿನವೂ ಅದೇ ಕುರ್ಚಿ. ಓದು ಮುದ್ರಿತ ಪುಸ್ತಕದಲ್ಲೇ ಆಗಲಿ, ಫೋನು ಬೇರೆ ಕೋಣೆಯಲ್ಲಿರಲಿ. ಆ್ಯಪಿನಲ್ಲೂ ಅದೇ ಸತ್ಯವೇದ ಇದೆಯಲ್ಲ ಎನ್ನಬಹುದು. ಇದೆ, ಅದರ ಪಕ್ಕದಲ್ಲೇ ವಾಟ್ಸ್‌ಆ್ಯಪ್ಪೂ ಇದೆ.

ಗಟ್ಟಿಯಾಗಿ, ಮೂರು ಸಲ

ಬಾಯಿಬಿಟ್ಟು ಓದಬೇಕು. ಇದು ಮುಜುಗರ ಅನ್ನಿಸುವವರಿಗೆ ಒಂದು ಮಾತು: ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಪ್ರವಾದಿ ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಓಡಿಬಂದು ಅದನ್ನು ಕೇಳಿಸಿಕೊಳ್ಳುತ್ತಾನೆ. ಅಂದರೆ ಒಬ್ಬನೇ ಕೂತಾಗಲೂ ಗಟ್ಟಿಯಾಗಿ ಓದುತ್ತಿದ್ದ. ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯನೆಂಬ ಮಾತು ಬರುತ್ತದಲ್ಲ, ಅಲ್ಲಿರುವ ಹೀಬ್ರೂ ಕ್ರಿಯಾಪದ ‘ಹಾಗಾ’. ಅದಕ್ಕೆ ಗೊಣಗುವುದು, ಬಾಯೊಳಗೇ ಗುನುಗುವುದು ಎಂದೂ ಅರ್ಥ. ಯೆಶಾಯನ ಗ್ರಂಥದ 31ನೇ ಅಧ್ಯಾಯದಲ್ಲಿ ಬೇಟೆಯ ಮೇಲೆ ನಿಂತು ಗುರುಗುಟ್ಟುವ ಸಿಂಹಕ್ಕೂ ಅದೇ ಪದ. ಧ್ಯಾನ ಎಂದರೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ಎಂದುಕೊಂಡಿದ್ದ ನನಗೆ ಇದನ್ನು ತಿಳಿದ ದಿನ ಅಜ್ಜಿಯ ನೆನಪಾಯಿತು. ಓದು ಬಾರದ ಆಕೆ ಅಕ್ಕಿ ಆರಿಸುತ್ತಾ ಕೀರ್ತನೆ ಗೊಣಗುತ್ತಿದ್ದಳು. ಅರ್ಧ ವಚನ, ಒಂದು ಕಲ್ಲು, ಇನ್ನರ್ಧ ವಚನ.

ಮೊದಲ ಸಲ ಸುಮ್ಮನೆ ಕೇಳಿಸಿಕೊಳ್ಳಿ. ಎರಡನೇ ಸಲ ವಚನಕ್ಕೊಮ್ಮೆ ನಿಲ್ಲಿ. ಮೂರನೇ ಸಲ, ಯಾವ ಮಾತಿನ ಹತ್ತಿರ ನಾಲಗೆ ತಡೆಯಿತೋ ಅದನ್ನು ಹಿಡಿದುಕೊಳ್ಳಿ.

ಒಂದೇ ಮಾತನ್ನು ಅಗಿಯುವುದು

ಕೆಲಸವೆಲ್ಲ ಇರುವುದು ಇಲ್ಲೇ. 23ನೇ ಕೀರ್ತನೆಯನ್ನೇ ನೋಡೋಣ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಚಿಕ್ಕವನಿದ್ದಾಗ ನಾನು ಇದನ್ನು ‘ಕೊರತೆ ಪಡೆಯುತ್ತೇನೆ’ ಎಂದೇ ತಿಳಿದಿದ್ದೆ. ಹಾಗೆ ತಿಳಿದುಕೊಂಡೇ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಒಪ್ಪಿಸಿ ಬಹುಮಾನದ ಸೋಪ್‌ಬಾಕ್ಸನ್ನೂ ತಂದೆ. ದೇವರೇ ಕುರುಬನಾದ ಮೇಲೆ ಕೊರತೆ ಯಾಕೆ ಎಂದು ಕೇಳಲು ಧೈರ್ಯವಿರಲಿಲ್ಲ. ಅದು ಹಳೆಯ ನಿಷೇಧರೂಪ. ಅರಿಯೆನು, ಒಲ್ಲೆನು ಇದ್ದ ಹಾಗೆ. ಕೊರತೆ ಪಡುವುದಿಲ್ಲ ಎಂದರ್ಥ. ನಾಲ್ಕನೇ ವಚನದ ‘ಹೆದರೆನು’ ಕೂಡ ಅದೇ ಜಾತಿ. ಒಂದು ಅಕ್ಷರಕ್ಕೆ ಅರ್ಥ ತಲೆಕೆಳಗಾಗುವ ಇಂಥ ಕಡೆಗಳಲ್ಲಿ ಬೇರೊಂದು ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ಮರುದಿನ ‘ಕುರುಬ’ ಎಂಬ ಪದವನ್ನೇ ಹಿಡಿಯಬಹುದು. ಕ್ಯಾಲೆಂಡರಿನ ಚಿತ್ರದಲ್ಲಿ ಬಿಳಿ ನಿಲುವಂಗಿ, ತೋಳಲ್ಲಿ ಸ್ನಾನ ಮಾಡಿಸಿದಂಥ ಮರಿ. ನಮ್ಮ ಬಯಲುಸೀಮೆಯಲ್ಲಿ ಸುಗ್ಗಿ ಮುಗಿದಮೇಲೆ ಹಿಂಡು ಹೊಡೆದುಕೊಂಡು ಬರುವವನನ್ನು ನೋಡಿದ್ದೀರಲ್ಲ: ಹೆಗಲ ಮೇಲೆ ಕಂಬಳಿ, ಮೊಣಕಾಲವರೆಗೆ ಧೂಳು, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದ ರಾತ್ರಿ ಅವುಗಳ ಮಧ್ಯದಲ್ಲೇ ನಿದ್ದೆ. ಮೈಯೆಲ್ಲ ಕುರಿಯ ವಾಸನೆ. ದೇವರಿಗೆ ಆ ಹೆಸರಿಟ್ಟವರ ಎದೆಗಾರಿಕೆ ಎಷ್ಟೆಂದು ಆ ಬೆಳಗಿನ ಇಪ್ಪತ್ತು ನಿಮಿಷ ಯೋಚಿಸಿದರೂ ಸಾಕು.

ಇನ್ನೊಂದು ದಿನ ಸರ್ವನಾಮ ನೋಡಿ. ಮೊದಲ ಮೂರು ವಚನಗಳಲ್ಲಿ ದೇವರು ‘ಆತನು’. ಹಸುರು ಇದ್ದಾಗ, ನೀರು ಇದ್ದಾಗ ಮಾತು ದೇವರ ಕುರಿತು. ಕಾರ್ಗತ್ತಲಿನ ಕಣಿವೆಗೆ ಇಳಿದ ಕೂಡಲೇ ಆತ ‘ನೀನು’ ಆಗಿಬಿಡುತ್ತಾನೆ. ಇದನ್ನು ನಾನು ನೂರಾರು ಸಲ ಹೇಳಿಯೂ ಗಮನಿಸಿರಲಿಲ್ಲ.

ತಿರುಗಿ ಮಾತಾಡಿ

ಹಿಡಿದ ಮಾತನ್ನೇ ಪ್ರಾರ್ಥನೆ ಮಾಡಿಕೊಳ್ಳಿ. ವೇದಿಕೆಯ ಭಾಷೆ ಬೇಡ, ಅಡುಗೆಮನೆಯ ಕನ್ನಡ ಸಾಕು. ದೂರು ಇದ್ದರೆ ದೂರು ಹೇಳಿ. 13ನೇ ಕೀರ್ತನೆ ಎಷ್ಟರವರೆಗೆ ಎಂದು ಮತ್ತೆ ಮತ್ತೆ ಕೇಳುತ್ತಲೇ ಶುರುವಾಗುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಅದನ್ನು ಯಾರೂ ತಿದ್ದದೆ, ತೆಗೆಯದೆ ಉಳಿಸಿಕೊಂಡು ಬಂದಿದ್ದಾರೆ.

ಆಮೇಲೆ ಎರಡು ಮೂರು ನಿಮಿಷ ಸುಮ್ಮನಿರಿ. ಗ್ಯಾಸ್ ಬುಕ್ ಮಾಡಬೇಕು, ಮಗಳ ಫೀಸು ಕಟ್ಟಬೇಕು ಎಂದೆಲ್ಲ ತಲೆಗೆ ಬರುತ್ತದೆ, ಬರಲಿ. ಹಿಡಿದ ಮಾತನ್ನು ಒಮ್ಮೆ ಹೇಳಿಕೊಂಡು ವಾಪಸ್ ಬನ್ನಿ. ಏನೋ ಕಾಣಬೇಕು, ಮೈ ಜುಮ್ಮೆನ್ನಬೇಕು ಎಂದು ಕಾಯಬೇಡಿ.

ಹಗಲಿಗೆ ಕಟ್ಟಿಕೊಂಡು ಹೋಗುವುದು

ಬಸ್ ಟಿಕೆಟ್ಟಿನ ಹಿಂದೆ ಆ ಮಾತನ್ನು ಬರೆದು ಜೇಬಿಗೆ ಹಾಕಿಕೊಳ್ಳಿ. ಸಿಗ್ನಲ್ಲಿನಲ್ಲಿ, ಲಿಫ್ಟಿನಲ್ಲಿ ಒಮ್ಮೆ ಗೊಣಗಿ. ರಾತ್ರಿ ಮಲಗುವ ಮುಂಚೆ ಐದು ನಿಮಿಷ, ಬೆಳಗಿನ ಮಾತು ಇವತ್ತು ಎಲ್ಲಿ ಎದುರಾಯಿತು, ಎಲ್ಲಿ ನಾನು ತಪ್ಪಿಸಿಕೊಂಡೆ ಎಂದು ದಿನವನ್ನು ಹಿಂದಿನಿಂದ ನೋಡಿ. 16ನೇ ಶತಮಾನದಲ್ಲಿ ಇಗ್ನೇಷಿಯಸ್ ಲೊಯೊಲಾ ತಮ್ಮ ಯೇಸುಸಭೆಯವರಿಗೆ (ಜೆಸುಯಿಟರಿಗೆ) ಕಲಿಸಿದ ಆತ್ಮಪರೀಕ್ಷೆಯ ಸಣ್ಣ ರೂಪ ಇದು.

ನನಗೆ ಒಂದು ಗುರುವಾರ ಸಿಕ್ಕಿದ್ದು 23ನೇ ಕೀರ್ತನೆಯ ಐದನೇ ವಚನ, ವೈರಿಗಳ ಕಣ್ಣೆದುರಿಗೇ ಔತಣ ಸಿದ್ಧವಾಗುವ ಮಾತು. ಅವರು ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂಬ ಖುಷಿಯಲ್ಲಿ ಅದನ್ನು ಇಷ್ಟು ವರ್ಷ ಹೇಳಿದ್ದೆ ಎಂದು ಅವತ್ತು ಗೊತ್ತಾಯಿತು. ಕಾಂಪೌಂಡ್ ಗೋಡೆಯ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ಎರಡು ವರ್ಷದಿಂದ ಮಾತಿರಲಿಲ್ಲ. ಸಂಜೆ ಗೇಟಿನ ಹತ್ತಿರ ಸಿಕ್ಕಾಗ ನಮಸ್ಕಾರ ಅಂದೆ. ಅವರು ಕೇಳಿಸದವರ ಹಾಗೆ ಒಳಗೆ ಹೋದರು. ಡೈರಿಯಲ್ಲಿ ಅಷ್ಟನ್ನೇ ಬರೆದೆ.

ದಿನ ತಪ್ಪಿದರೆ

ತಪ್ಪುತ್ತದೆ. ಮರುದಿನ ಎರಡು ಪಟ್ಟು ಓದಿ ಸಾಲ ತೀರಿಸಲು ಹೋಗಬೇಡಿ, ಬಿಟ್ಟಲ್ಲಿಂದಲೇ ಮುಂದುವರಿಸಿ. ಮನೆಯಲ್ಲಿ ಕುಟುಂಬ ಪ್ರಾರ್ಥನೆ ಇದ್ದರೆ ಅದೇ ಕೀರ್ತನೆಯನ್ನು ವಾರವಿಡೀ ಓದಿಸಿ. ಮಕ್ಕಳು ಬುಧವಾರಕ್ಕೆ ಆಕಳಿಸುತ್ತಾರೆ, ಶುಕ್ರವಾರ ನೀವು ತಪ್ಪು ಹೇಳಿದರೆ ತಿದ್ದುತ್ತಾರೆ.

ಏಳನೇ ದಿನ ಪುಸ್ತಕ ಮುಚ್ಚಿಟ್ಟು ಹೇಳಿ ನೋಡಿ. ತಡವರಿಸಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಎಂಟನೇ ಬೆಳಿಗ್ಗೆ 121ಕ್ಕೆ ಹೋಗಿ. ಕಣ್ಣೆತ್ತಿ ಬೆಟ್ಟಗಳನ್ನು ನೋಡಿ, ಸಹಾಯ ಎಲ್ಲಿಂದ ಬರುತ್ತದೆ ಎಂದು ಅದು ಕೇಳುತ್ತದೆ. ಅಲ್ಲಿನ ಎಂಟು ವಚನಗಳಲ್ಲಿ ಕಾಯುವ, ಕಾಪಾಡುವ ಕ್ರಿಯಾಪದ ಮೂಲ ಹೀಬ್ರೂವಿನಲ್ಲಿ ಆರು ಸಲ ಬರುತ್ತದೆ. ನಿಮ್ಮ ಕನ್ನಡದಲ್ಲಿ ಎಷ್ಟು ಸಲ ಇದೆ, ಬೆರಳು ಮಡಚಿ ಎಣಿಸಿ. ಹಿಂದಿನ ವಾರದ ಕುರುಬ ಆಗಲೇ ಅಲ್ಲಿ ನಿಂತಿರುತ್ತಾನೆ.