ಡಿಎಕ್ಸ್7ನ ಪ್ಯಾಚ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದು

ನನ್ನ ಹತ್ತಿರ ಇರುವುದು ಯಮಹಾ ಡಿಎಕ್ಸ್7, 1983ರಲ್ಲಿ ಬಂದ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ಆಗಿ ನಾದ ಹುಟ್ಟಿಸುವ ಕೀಬೋರ್ಡ್. ಅದರೊಳಗಿನ 32 ಪ್ಯಾಚ್‌ಗಳು (ಒಂದೊಂದು ನಾದಕ್ಕೆ ಬೇಕಾದ ಸೆಟ್ಟಿಂಗ್‌ಗಳ ಕಟ್ಟು) ಬೋರ್ಡಿಗೆ ಬೆಸುಗೆ ಹಾಕಿದ ಒಂದು ಲಿಥಿಯಂ ಸೆಲ್ ನಂಬಿಕೊಂಡು ಕೂತಿವೆ. ಸೆಲ್ ಸತ್ತರೆ ಅವೂ ಹೋದ ಹಾಗೇ. ಬದಲಿಸುವ ಮೊದಲು ಎಲ್ಲವನ್ನೂ ಇಳಿಸಿಕೊಳ್ಳೋಣ ಅಂದುಕೊಂಡೆ. ರೆಡಿಮೇಡ್ ಸಾಫ್ಟ್‌ವೇರ್ ಸಿಗುತ್ತದೆ, ನಿಜ. ಆದರೆ ತಂತಿಯಲ್ಲಿ ಏನು ಓಡಾಡುತ್ತದೆ ಅಂತ ಕಣ್ಣಾರೆ ನೋಡುವ ಚಪಲ. ಪೈಥಾನ್, ಆರ್‌ಟಿಮಿಡಿ ಲೈಬ್ರರಿ, ಒಂದು ಯುಎಸ್‌ಬಿ ಮಿಡಿ ಇಂಟರ್‌ಫೇಸ್, ಇಷ್ಟೇ ಸರಂಜಾಮು. ಮಿಡಿ ಅಂದರೆ ವಾದ್ಯಗಳು, ಕಂಪ್ಯೂಟರುಗಳು ತಮ್ಮಲ್ಲಿ ಮಾತಾಡುವ ಭಾಷೆ.

ಸಿಂಥ್‌ನಲ್ಲಿ ಫಂಕ್ಷನ್ ಒತ್ತಿ, 8ನೇ ಬಟನ್‌ನಲ್ಲಿ ಸಿಸ್ಟಮ್ ಮಾಹಿತಿಗೆ ಯೆಸ್ ಕೊಟ್ಟು, ಇನ್ನೊಮ್ಮೆ ಅದನ್ನೇ ಒತ್ತಿ ಟ್ರಾನ್ಸ್‌ಮಿಟ್‌ಗೂ ಯೆಸ್ ಕೊಟ್ಟೆ. ಏನೂ ಬರಲಿಲ್ಲ. ಕೀ ಒತ್ತಿದರೆ ನೋಟ್ ಬರುತ್ತದೆ, ಪ್ಯಾಚ್ ಮಾತ್ರ ಇಲ್ಲ. ಒಂದಿಡೀ ಸಂಜೆ ಪಾಪದ ಕೇಬಲ್ ಮೇಲೆ ಅನುಮಾನ. ಆಮೇಲೆ ಗೊತ್ತಾಯಿತು, ಸಿಸೆಕ್ಸ್ ಸಂದೇಶಗಳನ್ನು, ಅಂದರೆ ಪ್ಯಾಚ್‌ನಂಥ ತಯಾರಕರದೇ ಡೇಟಾ ಹೊತ್ತು ತರುವ ಮಿಡಿ ಸಂದೇಶಗಳನ್ನು, ಲೈಬ್ರರಿಯೇ ಸುಮ್ನೆ ಬಿಸಾಕುತ್ತಿತ್ತು. ಅದರ ಡೀಫಾಲ್ಟೇ ಹಾಗೆ. ಫಿಲ್ಟರ್ ಪೂರ್ತಿ ತೆಗೆದೆ, ಈಗ 254ರ ಸುರಿಮಳೆ! ಅದು ಆ್ಯಕ್ಟಿವ್ ಸೆನ್ಸಿಂಗ್, 'ನಾನಿನ್ನೂ ಇದ್ದೇನೆ' ಅಂತ ಸಿಂಥ್ ಹೇಳುತ್ತಲೇ ಇರುವುದು. ಅದಕ್ಕೆ ಮಾತ್ರ ಫಿಲ್ಟರ್ ವಾಪಸ್ ಹಾಕಿದೆ.

ಕೊನೆಗೂ 4104 ಬೈಟ್ ಬಂದವು. ಮಿಡಿಯ ವೇಗ ಸೆಕೆಂಡಿಗೆ 3125 ಬೈಟ್, ಹಾಗಾಗಿ ಸುಮಾರು 1.3 ಸೆಕೆಂಡ್ ಹಿಡಿಯಿತು. ಶುರುವಿನಲ್ಲಿ 240, 67, 0, 9, 32, 0. ಇದರಲ್ಲಿ 240 ಸಿಸೆಕ್ಸ್ ಶುರುವಾಯಿತು ಅನ್ನುವ ಗುರುತು, 67 ಯಮಹಾದ ನಂಬರು, 9 ಅಂದರೆ 32 ಪ್ಯಾಚ್‌ಗಳ ಬ್ಯಾಂಕ್. ಕೊನೆಯ 32, 0 ಡೇಟಾದ ಉದ್ದ: 32 ಸಲ 128, ಅಂದರೆ 4096. ಆಮೇಲೆ ಡೇಟಾ, ಅದು ಸರಿಯಾಗಿ ಬಂತೇ ಅಂತ ತಾಳೆ ನೋಡಲು ಒಂದು ಚೆಕ್‌ಸಮ್, ಕೊನೆಗೆ ಮುಗಿಯಿತು ಅನ್ನುವ 247.

ಒಂದೊಂದು ಪ್ಯಾಚಿಗೂ 128 ಬೈಟ್, ಅದರಲ್ಲಿ ಕೊನೆಯ 10 ಹೆಸರು. ಜಾಗ ಉಳಿಸಲು ಒಂದೇ ಬೈಟಿನಲ್ಲಿ ಎರಡು ಮೂರು ಬೆಲೆ ತುರುಕಿದ್ದಾರೆ. ಒಂದೇ ಪ್ಯಾಚ್ ಕಳಿಸುವಾಗ ಇವನ್ನೆಲ್ಲ ಬಿಡಿಸಿ 155 ಬೈಟ್ ಮಾಡಬೇಕು. ಇಲ್ಲಿ ನಾನು ಚೆನ್ನಾಗಿ ಮುಗ್ಗರಿಸಿದೆ. ಒಂದು ಪ್ಯಾಚಿನ ನಾದ ಹುಟ್ಟಿಸುವುದು ಆಪರೇಟರ್ ಅನ್ನುವ ಆರು ಘಟಕಗಳು; ಕೆಲವು ಸದ್ದು ಮಾಡುತ್ತವೆ, ಕೆಲವು ಅದರ ಬಣ್ಣ ಬದಲಿಸುತ್ತವೆ. ಇ.ಪಿಯಾನೋ 1 ಅನ್ನುವ ಪ್ಯಾಚಿನಲ್ಲಿ ಒಂದನೇ ಆಪರೇಟರ್‌ನ ಲೆವೆಲ್ ಇಳಿಸಿದರೆ ಸದ್ದು ಕಮ್ಮಿಯಾಗಬೇಕು ತಾನೆ? ಸದ್ದು ಹಾಗೇ ಇತ್ತು, ನಾದದ ಬಣ್ಣ ಬದಲಾಯಿತು. ಆಪರೇಟರ್‌ಗಳು ತಲೆಕೆಳಗಾಗಿ ಬರುತ್ತವೆ, 6 ಮೊದಲು, 1 ಕೊನೆಗೆ. ನಾನು 16ನೇ ಬೈಟ್ ಮುಟ್ಟಿದ್ದೆ, ಬೇಕಾಗಿದ್ದದ್ದು 121ನೆಯದು. ಸೊನ್ನೆಯಿಂದ ಎಣಿಸಿದರೆ, ಮತ್ತೆ.

ಸೆಲ್ ಬದಲಿಸಿ, ಮೆಮೊರಿ ಪ್ರೊಟೆಕ್ಟ್ ತೆಗೆದು, ಇಳಿಸಿಕೊಂಡಿದ್ದನ್ನು ಹಾಗೇ ವಾಪಸ್ ಕಳಿಸಿದೆ. ಆರಾಮಾಗಿ ಹೋಯಿತು. ಆಮೇಲೆ ನನಗಿಷ್ಟವಾದ ಪ್ಯಾಚ್‌ಗಳನ್ನು ಆರಿಸಿ ಹೊಸ ಬ್ಯಾಂಕ್‌ಗಳನ್ನು ಕಟ್ಟತೊಡಗಿದೆ. ಎಲ್ಲವೂ ಸಿಂಥ್‌ಗೆ ಸರಿಯಾಗಿ ಹೋದವು, ಒಂದು ಬ್ಯಾಂಕ್ ಮಾತ್ರ ಹಟ ಹಿಡಿಯಿತು. ತಮಾಷೆ ಅಂದರೆ, ಅದರಲ್ಲಿನ ಒಂದು ಪ್ಯಾಚಿನ ಹೆಸರಿನಲ್ಲಿ ಒಂದೇ ಅಕ್ಷರ ಬದಲಿಸಿದರೆ ಅದೂ ಹೋಗುತ್ತಿತ್ತು! ಹೆಸರಿಗೂ ಇದಕ್ಕೂ ಏನು ಸಂಬಂಧ?

ಚೆಕ್‌ಸಮ್ ಲೆಕ್ಕ ಹೀಗೆ: 4096 ಬೈಟ್‌ಗಳನ್ನು ಕೂಡಿ, 128ರಿಂದ ಭಾಗಿಸಿ, ಶೇಷವನ್ನು 128ರಿಂದ ಕಳೆಯುವುದು. ಶೇಷ ಸೊನ್ನೆಯಾದರೆ? ಉತ್ತರ 128. ಸಿಸೆಕ್ಸ್ ನಡುವಿನ ಡೇಟಾ 127 ದಾಟುವಂತಿಲ್ಲ. 128 ಅಂದರೆ ಮೊದಲ ಚಾನೆಲಿನ ನೋಟ್ ಆಫ್, ಸ್ವರ ನಿಲ್ಲಿಸು ಅನ್ನುವ ಬೇರೆಯದೇ ಸಂದೇಶ. ಇಡೀ ಬ್ಯಾಂಕ್ ಕಳಿಸಿ, ಕೊನೇ ಗಳಿಗೆಯಲ್ಲಿ ನಾನೇ ಮಾತು ತುಂಡರಿಸುತ್ತಿದ್ದೆ. ಬಂದ ಉತ್ತರವನ್ನು ಮತ್ತೊಮ್ಮೆ 128ರಿಂದ ಭಾಗಿಸಿ ಶೇಷ ಇಟ್ಟುಕೊಂಡೆ, 128 ಹೋಗಿ 0 ಆಯಿತು. ಹೆಸರಿನ ಅಕ್ಷರ ಮೊದಲಿನಂತೆ ಮಾಡಿ ಕಳಿಸಿದೆ, ಹೋಯಿತು. ಆದರೂ ನಂಬಿಕೆ ಬರದೆ ಸಿಂಥ್‌ನಿಂದ ವಾಪಸ್ ಇಳಿಸಿಕೊಂಡು ಬೈಟ್ ಬೈಟ್ ಹೋಲಿಸಿ ನೋಡಿದೆ. 4104ಕ್ಕೆ 4104.