ಮೊದಲು ನಕಾಶೆ ತಿರುಗಲಿ, ದಿಕ್ಸೂಚಿ ಆಮೇಲೆ

ಮಕ್ಕಳಿಗೆ ಓರಿಯಂಟೀರಿಂಗ್ ಕಲಿಸಬೇಕು ಅಂದ ಕೂಡಲೇ ದೊಡ್ಡವರು ದಿಕ್ಸೂಚಿ ಕೊಳ್ಳಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಹಾಳೆ, ಪೆನ್ಸಿಲ್, ಅಡುಗೆಮನೆಯ ಒಂಬತ್ತು ಲೋಟ ಇದ್ದರೆ ಇವತ್ತೇ ಶುರು ಮಾಡಬಹುದು.

ಆಟ ಇಷ್ಟೇ. ಕೈಯಲ್ಲಿ ಒಂದು ನಕಾಶೆ. ಅದರಲ್ಲಿ ಸುತ್ತು ಹಾಕಿದ ಜಾಗಗಳನ್ನು ಹೇಳಿದ ಕ್ರಮದಲ್ಲೇ ಮುಟ್ಟಿ ಬರಬೇಕು. ಯಾವ ದಾರಿ ಹಿಡಿಯಬೇಕು ಅನ್ನೋದು ಆಡುವವರಿಗೆ ಬಿಟ್ಟದ್ದು. ಸ್ವೀಡನ್ನಿನಲ್ಲಿ ಇದು ಮೊದಲು ಸೈನಿಕರ ತರಬೇತಿಯಾಗಿತ್ತು. ಅರ್ನ್ಸ್ಟ್ ಕಿಲ್ಯಾಂಡರ್ ಎಂಬ ಸೇನಾಧಿಕಾರಿ 1919ರಲ್ಲಿ ಸ್ಟಾಕ್‌ಹೋಮ್ ಹತ್ತಿರ ದೊಡ್ಡ ಸ್ಪರ್ಧೆ ನಡೆಸಿದ ಮೇಲೆ ಜನರ ಆಟವಾಯಿತು. ಅವರು ಕಾಡಿನಲ್ಲಿ ಓಡುತ್ತಾರೆ. ನಮಗೆ ಸೆಕ್ಟರಿನ ಪಾರ್ಕ್ ಸಾಕು.

ನಾನು ಸರ್ವೆ ಇಲಾಖೆಯಲ್ಲಿ ದುಡಿದು ರಿಟೈರ್ ಆದವನು. ಗ್ರಾಮ ನಕಾಶೆ ಹಿಡಿದು ಬಾಂದು ಕಲ್ಲು ಹುಡುಕುವುದೇ ನೌಕರಿಯಾಗಿತ್ತು. ಈಗ ಬಾಗಲಕೋಟೆಯ ನವನಗರದಲ್ಲಿ ಮೊಮ್ಮಕ್ಕಳಿಗೂ ಅವರ ಗೆಳೆಯರಿಗೂ ಅದೇ ಹುಡುಕಾಟ ಆಡಿಸುತ್ತೇನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಜಾಗ ಹೋದಾಗ ಕಟ್ಟಿದ ಊರು ಇದು. ಇಲ್ಲಿ ವಿಳಾಸ ಅಂದರೆ ಸೆಕ್ಟರ್ ನಂಬರು. ನಂಬರು ಗೊತ್ತಿದ್ದ ಮಕ್ಕಳಿಗೆ ದಿಕ್ಕಿನ ಹಂಗೇ ಇಲ್ಲ. ಹಳೇ ಬಾಗಲಕೋಟೆಯ ಓಣಿಗಳಲ್ಲಿ ಬೆಳೆದವರಿಗೆ ಆ ಸುಖ ಇರಲಿಲ್ಲ ನೋಡಿ.

ಮೊದಲ ಪಾಠ ಪಡಸಾಲೆಯಲ್ಲೇ ಆಗಲಿ. ಮಗುವಿನ ಎದುರೇ ಪಡಸಾಲೆಯ ನಕಾಶೆ ಬರೆಯಿರಿ. ಬಾಗಿಲು, ಕಿಟಕಿ, ಟಿವಿ, ಮಂಚ, ಅಷ್ಟೇ. ಮಗುವನ್ನು ಹೊರಗೆ ಕಳಿಸಿ ಒಂದು ಶೇಂಗಾ ಉಂಡಿ ಬಚ್ಚಿಡಿ, ಆ ಜಾಗಕ್ಕೆ ನಕಾಶೆಯಲ್ಲಿ ಸುತ್ತು ಹಾಕಿ. ಮೊದಲ ಸಲ ಕೂಡಲೇ ಹುಡುಕುತ್ತಾರೆ. ಎರಡನೇ ಸಲ ಅಡುಗೆಮನೆಯ ಬಾಗಿಲಿಂದ ಒಳಗೆ ಬರಲು ಹೇಳಿ. ಆಗ ಗೊಂದಲ ಶುರುವಾಗುತ್ತದೆ. ನಮ್ಮ ಸಣ್ಣ ಮೊಮ್ಮಗ ಕೇಳಿದ, "ಮುತ್ಯಾ, ಕಿಟಕಿ ಬಲಕ್ಕ ಐತಿ, ನಕಾಶೆದಾಗ ಎಡಕ್ಕ ಯಾಕ ಬಂತು?"

ಈ ಪ್ರಶ್ನೆ ಬರುವ ತನಕ ಕಾಯಿರಿ, ನೀವಾಗಿ ಹೇಳಬೇಡಿ. ಬಂದಾಗ ಒಂದೇ ಮಾತು: "ನೀ ತಿರುಗಿದಿ, ನಕಾಶೆ ತಿರುಗಸಲಿಲ್ಲ." ನಿಜವಾದ ಕಿಟಕಿಯ ಕಡೆ ಹಾಳೆಯ ಕಿಟಕಿ, ಬಾಗಿಲ ಕಡೆ ಬಾಗಿಲು ಬರುವಂತೆ ತಿರುಗಿಸಿ ಹಿಡಿಯಲಿ. ಅಕ್ಷರ ತಲೆಕೆಳಗಾದರೆ ಆಗಲಿ. ಗೋಡೆಗೆ ತೂಗುಹಾಕಿದ ಭೂಪಟ ನೋಡಿ ನೋಡಿ ಉತ್ತರ ಅಂದರೆ ಮೇಲಕ್ಕೆ ಅಂತ ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ಅದನ್ನು ಬಿಡಿಸಿದರೆ ಅರ್ಧ ಓರಿಯಂಟೀರಿಂಗ್ ಬಂದ ಹಾಗೆ.

ಇನ್ನು ಲೋಟಗಳು. ಮಾಳಿಗೆಯ ಮೇಲೆ ಮೂರು ಸಾಲು, ಸಾಲಿಗೆ ಮೂರರಂತೆ ಬೋರಲು ಹಾಕಿ. ನಡುವೆ ನಾಲ್ಕು ಹೆಜ್ಜೆ ಜಾಗ ಬಿಡಿ. ಪ್ರತಿ ಲೋಟದ ಕೆಳಗೆ ಒಂದು ಅಕ್ಷರದ ಚೀಟಿ. ಕೈಯಲ್ಲಿರುವ ನಕಾಶೆಯಲ್ಲಿ ಒಂಬತ್ತು ಚುಕ್ಕೆ, ಕೆಲವನ್ನು ಸೇರಿಸುವ ಗೆರೆ. ಗೆರೆ ಹಿಡಿದು ಸರಿಯಾಗಿ ಹೋದರೆ ‘ಬಾ-ದಾ-ಮಿ’ ಅಂತಲೋ ‘ಆ-ಲ-ಮ-ಟ್ಟಿ’ ಅಂತಲೋ ಬರಬೇಕು. ‘ದಾಮಬಾ’ ಅಂತ ಬಂದರೆ ತಪ್ಪಿದ್ದು ಅವರಿಗೇ ಗೊತ್ತಾಗುತ್ತದೆ, ನಾವು ಬಾಯಿ ಹಾಕಬೇಕಿಲ್ಲ. ಹಾಳೆಯ ಒಂದು ಅಂಚಿಗೆ ಕೆಂಪು ಬಣ್ಣ ಹಚ್ಚಿ. ಮೈ ಎತ್ತ ತಿರುಗಿದರೂ ಆ ಅಂಚು ನೀರಿನ ಟಾಕಿಯ ಕಡೆಗೇ ಇರಬೇಕು. ಇದೊಂದೇ ನಿಯಮ. ಎರಡು ತಂಡ ಮಾಡಿ ಓಡಿಸಿದರೆ ಸಂಜೆ ಹೋಗುವುದೇ ತಿಳಿಯುವುದಿಲ್ಲ.

ತೀರಾ ಸಣ್ಣವರಿಗೆ, ಅಂದರೆ ನಾಲ್ಕೈದು ವರ್ಷದವರಿಗೆ, ಸುತಳಿ ಆಟ ಒಳ್ಳೆಯದು. ಪಾರ್ಕಿನಲ್ಲಿ ಗಿಡದಿಂದ ಗಿಡಕ್ಕೆ ಸುತಳಿ ಹಾಯಿಸಿ, ಅಲ್ಲಲ್ಲಿ ಬಣ್ಣದ ಚಿತ್ರ ಕಟ್ಟಿ. ಮಗು ಸುತಳಿ ಹಿಡಿದೇ ಹೋಗುತ್ತದೆ, ಚಿತ್ರ ಸಿಕ್ಕಲ್ಲಿ ನಕಾಶೆಯಲ್ಲೂ ಬಣ್ಣ ಹಚ್ಚುತ್ತದೆ. ಕಳೆದುಹೋಗುವ ಭಯವೇ ಇಲ್ಲ.

ಏಳೆಂಟು ವರ್ಷ ದಾಟಿದವರನ್ನು ಒಂಟಿಯಾಗಿ ಕಳಿಸಲು ನಕ್ಷತ್ರದ ಆಟ ಇದೆ. ನೀವು ಪಾರ್ಕಿನ ನಡುವೆ ಕೂತಿರಿ. ಮಗು ಒಂದು ಗುರುತಿಗೆ ಹೋಗಿ, ಅಲ್ಲಿಯ ನಂಬರು ಬರೆದುಕೊಂಡು ನಿಮ್ಮ ಹತ್ತಿರ ಬರಬೇಕು. ಆಮೇಲೆ ಮುಂದಿನದು. ಪ್ರತಿ ಸಲ ವಾಪಸ್ ಬರುವುದರಿಂದ ಯಾರು ಎಲ್ಲಿ ತಡವರಿಸುತ್ತಿದ್ದಾರೆ ಅಂತ ತಿಳಿಯುತ್ತದೆ. ಸ್ಪರ್ಧೆಗಳಲ್ಲಿ ಗುರುತಿಗೆ ಬಿಳಿ ಮತ್ತು ಕಿತ್ತಳೆ ಬಣ್ಣದ, 30 ಸೆಂಟಿಮೀಟರ್ ಚೌಕದ ಬಾವುಟ ಇರುತ್ತದೆ, ನಂಬರು 31ರಿಂದ ಶುರು. ನಾವು ರಟ್ಟಿಗೆ ಬಣ್ಣ ಬಳಿಯುತ್ತೇವೆ. ನಕಾಶೆಯಲ್ಲಿ ಮಾತ್ರ ಅವರದೇ ಚಿಹ್ನೆ ಹಾಕಿ. ಹೊರಡುವ ಜಾಗಕ್ಕೆ ತ್ರಿಕೋನ, ಗುರುತಿಗೆ ಸುತ್ತು, ಮುಗಿಯುವಲ್ಲಿ ಎರಡು ಸುತ್ತು. ನಕಾಶೆ ಮಡಚಿ, ತಾನು ನಿಂತ ಜಾಗದ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ನಡೆಯಲಿ. ನಡೆದಂತೆ ಹೆಬ್ಬೆರಳೂ ಸರಿಯಬೇಕು. "ಯಾವ ಕಡೆ ಹೋಗ್ಲಿ?" ಅಂತ ಕೇಳಿದರೆ "ಈಗ ಎಲ್ಲಿದ್ದೀ?" ಅಂತ ತಿರುಗಿ ಕೇಳಿ.

ಟೈಮ್ ನೋಡುವುದು, ಒಂದನೇ ನಂಬರು, ಎರಡನೇ ನಂಬರು, ಇವೆಲ್ಲ ಶುರುವಿನಲ್ಲಿ ಬೇಡವೇ ಬೇಡ. ಗಡಿಯಾರ ಬಂದ ಕೂಡಲೇ ನಕಾಶೆ ಮುದುಡಿ ಕಿಸೆಗೆ ಹೋಗುತ್ತದೆ, ಮಕ್ಕಳು ಮುಂದಿನವನ ಬೆನ್ನು ನೋಡಿ ಓಡುತ್ತಾರೆ.

ಪಾರ್ಕಿನ ನಕಾಶೆ ಹೇಗೆ ಮಾಡೋದು? ಫೋನಿನ ಉಪಗ್ರಹ ಚಿತ್ರದ ಪ್ರಿಂಟ್ ತೆಗೆದು ಮೇಲೆ ಗೆರೆ ಎಳೆಯಬಹುದು. ನನಗೆ ಮಾತ್ರ ಹೆಜ್ಜೆ ಲೆಕ್ಕವೇ ಇಷ್ಟ. ನಮ್ಮ ಸರ್ವೆಯ ಸರಪಳಿ 33 ಅಡಿ, ಹೆಚ್ಚುಕಡಿಮೆ 10 ಮೀಟರ್. ನಲವತ್ತು ಗುಂಟೆಯ ಎಕರೆಯಲ್ಲಿ ಒಂದು ಗುಂಟೆ ಅಂದರೆ ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ. ರಸ್ತೆ ಬದಿಯಲ್ಲಿ 33 ಅಡಿ ಅಳೆದು ಎರಡು ಕಲ್ಲಿಡಿ. ನಡುವೆ ಎಷ್ಟು ಹೆಜ್ಜೆ ಬರುತ್ತದೆ ಅಂತ ಪ್ರತಿ ಮಗುವೂ ಎಣಿಸಲಿ. ಆ ಲೆಕ್ಕ ಹಿಡಿದು ಪಾರ್ಕ್ ಸುತ್ತಿ, ಒಂದು ಸರಪಳಿಗೆ ಒಂದು ಸೆಂಟಿಮೀಟರ್‌ನಂತೆ ಬರೆದರೆ 1:1000 ಅಳತೆಯ ನಕಾಶೆ ಸಿದ್ಧ. ಬಣ್ಣದ ವಿಷಯ ಮೊದಲೇ ಹೇಳಿಬಿಡಿ. ಓರಿಯಂಟೀರಿಂಗ್ ನಕಾಶೆಯಲ್ಲಿ ಬಿಳಿ ಅಂದರೆ ಸಲೀಸಾಗಿ ಓಡಬಹುದಾದ ಕಾಡು. ಬಯಲಿಗೆ ಹಳದಿ, ನೀರಿಗೆ ನೀಲಿ, ಬಂಡೆಗೆ ಕಪ್ಪು. ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ನಮ್ಮ ಜಾಲಿ ಕಂಟಿಗೆ ಎಲ್ಲಕ್ಕಿಂತ ಗಾಢ ಹಸಿರು, ಅಲ್ವಾ?

ಹತ್ತು ವರ್ಷದ ಹೊತ್ತಿಗೆ ದಿಕ್ಸೂಚಿ ಕೊಡಿ. ಮುಳ್ಳಿನ ಕೆಂಪು ತುದಿ ಮತ್ತು ನಕಾಶೆಯ ಉತ್ತರ ಒಂದೇ ಕಡೆ ಬರುವ ತನಕ ನಕಾಶೆ ತಿರುಗಿಸಬೇಕು. ಪಡಸಾಲೆಯಲ್ಲಿ ಕಲಿತದ್ದೇ ತಾನೇ? ಫೋನು, ಬೈಕು, ಕಬ್ಬಿಣದ ಗೇಟು ಹತ್ತಿರ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ನೆರಳಿನಿಂದ ದಿಕ್ಕು ತಿಳಿಯುವುದನ್ನೂ ಕಲಿಸಿ, ಆದರೆ ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಉತ್ತರ ತೋರಿಸುತ್ತದೆ ಅನ್ನುವ ಶಾಲೆಯ ಪುಸ್ತಕದ ಮಾತು ನಮ್ಮ ಊರಿಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದ ಹನ್ನೆರಡೂವರೆ ಸುಮಾರಿಗೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳು ನೆರಳು ಉತ್ತರ ತೋರಿಸುತ್ತದೆ.

ಇಷ್ಟಾದ ಮೇಲೆ ಬಾದಾಮಿಗೆ ಹೊರಡಿ. ಚಳಿಗಾಲವೇ ಸರಿ. ಮಳೆಗಾಲದಲ್ಲಿ ಎರೆ ಹೊಲಕ್ಕಿಳಿದರೆ ಮಣ್ಣು ಚಪ್ಪಲಿ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಾದಾಮಿಯ ಬಂಡೆ ಕಾಲು ಸುಡುತ್ತದೆ. ಬಾದಾಮಿಯಲ್ಲಿ ದಿಕ್ಕು ಕಣ್ಣಿಗೇ ಕಾಣುತ್ತದೆ. ನಡುವೆ ಅಗಸ್ತ್ಯ ತೀರ್ಥ ಅನ್ನುವ ಕೆರೆ. ದಕ್ಷಿಣದ ಗುಡ್ಡದಲ್ಲಿ ಗುಹೆಗಳು, ಉತ್ತರದ ದಂಡೆಯಲ್ಲಿ ಮ್ಯೂಸಿಯಂ, ಪೂರ್ವದ ತುದಿಗೆ ಭೂತನಾಥ ಗುಡಿ, ಪಶ್ಚಿಮಕ್ಕೆ ಊರು. ಮ್ಯೂಸಿಯಂನಿಂದ ಭೂತನಾಥಕ್ಕೆ ದಂಡೆ ಹಿಡಿದು ಹೋಗುವಾಗ ನೀರು ಬಲಗೈಗೆ ಇರಬೇಕು. "ನೀರು ಯಾವ ಕೈಗೈತಿ?" ಅಂತ ಆಗಾಗ ಕೇಳಿದರೆ ಸಾಕು, ದಾರಿ ತಪ್ಪುವುದಿಲ್ಲ.

ಅಲ್ಲಿ ಕಂಬಕ್ಕೆ, ಗೋಡೆಗೆ ಏನನ್ನೂ ಕಟ್ಟಬೇಡಿ, ಅಂಟಿಸಬೇಡಿ. ಬಾವುಟದ ಬದಲು ಪ್ರಶ್ನೆ ಕೊಡಿ. ಮೊದಲನೇ ಗುಹೆಯ ನಟರಾಜನಿಗೆ ಎಷ್ಟು ಕೈ? 18 ಅಂತ ಬರೆದು ತಂದರೆ ಆ ಗುರುತು ಮುಟ್ಟಿದ ಹಾಗೆ. ನಾಲ್ಕನೇ ಗುಹೆ ಯಾರದು? ಭೂತನಾಥದ ಮೆಟ್ಟಿಲು ನೀರಿಗೆ ಇಳಿಯುವ ಕಡೆ ಯಾವ ದಿಕ್ಕು? ನೀವು ಮೊದಲೇ ಒಂದು ಸುತ್ತು ಹಾಕಿ ಉತ್ತರ ಬರೆದಿಟ್ಟುಕೊಂಡಿರಿ.

ಇಬ್ಬಿಬ್ಬರ ಜೋಡಿ, ಪ್ರತಿ ಜೋಡಿಗೆ ಒಂದು ಸೀಟಿ, ಕಾಲಿಗೆ ಶೂ. ದೊಡ್ಡವರೊಬ್ಬರು ಹಿಂದೆಯೇ ಇರಲಿ, ಬಾಯಿ ಮಾತ್ರ ಮುಚ್ಚಿರಲಿ. ಗುಡ್ಡದ ಅಂಚಿಗೂ ನೀರಿಗಿಳಿಯುವ ಮೆಟ್ಟಿಲಿಗೂ ನಕಾಶೆಯಲ್ಲಿ ಕೆಂಪು ಗೀಟು ಹಾಕಿ, ಅದನ್ನು ದಾಟುವಂತಿಲ್ಲ. ಗೊತ್ತಾಗದಿದ್ದರೆ ನೀರಿನ ದಂಡೆಗೆ ಬಂದು ನಿಲ್ಲಬೇಕು ಅಂತ ಹೊರಡುವ ಮೊದಲೇ ಹೇಳಿಕೊಡಿ. ತಿಂಡಿ ಚೀಲದ ಒಳಗೇ ಇರಲಿ. ನಕಾಶೆಗೂ ಮಿಂಚುವ ಪ್ಲಾಸ್ಟಿಕ್ ಕವರ್ ಹಾಕಬೇಡಿ. ಅಲ್ಲಿಯ ಮಂಗಗಳು ಅದನ್ನು ಚಿಪ್ಸ್ ಪಾಕೀಟು ಅಂತಲೇ ತಿಳಿಯುತ್ತವೆ, ಕಿತ್ತುಕೊಂಡು ಹೋದ ಮೇಲೆ ಕೇಳುವುದು ಯಾರನ್ನು? ಹೆಚ್ಚಿಗೆ ಒಂದೆರಡು ಪ್ರತಿ ನಿಮ್ಮ ಕಿಸೆಯಲ್ಲಿರಲಿ.