ಒಂದೇ ಗೇರಿನಲ್ಲಿ ನಾಲೆ ಏರಿಯ ಮೇಲೆ

ಮೈಸೂರಿನಿಂದ ಮೇಲುಕೋಟೆಗೆ, ಅಲ್ಲಿಂದ ಮಂಡ್ಯಕ್ಕೆ, ಮತ್ತೆ ಬನ್ನೂರಿನ ಮೇಲೆ ಮೈಸೂರಿಗೆ ಮೂರು ದಿನಗಳಲ್ಲಿ ಸೈಕಲ್ಲಿನಲ್ಲಿ ಸುತ್ತಿ ಬರುವುದೆಂದು ನಾನೂ ನನ್ನ ಗೆಳೆಯನೂ ನಿಶ್ಚಯಿಸಿದ್ದು ಡಿಸೆಂಬರ್ ತಿಂಗಳಿನಲ್ಲಿ. ನನ್ನದು 21 ಗೇರುಗಳ ಸೈಕಲ್ಲು. ಅವನದು ಕಬ್ಬಿಣದ ಕ್ಯಾರಿಯರ್ ಇರುವ, ಚೈನನ್ನು ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟಿರುವ ಹಳೆಯ ಸಾದಾ ಸೈಕಲ್ಲು. ಅವನ ತಂದೆ ಅದರಲ್ಲಿ ಹಾಲಿನ ಕ್ಯಾನು ಸಾಗಿಸುತ್ತಿದ್ದರು. ಅದನ್ನೇ ತರುತ್ತೇನೆಂದು ಅವನು ಹಟ ಹಿಡಿದಾಗ, ದಾರಿಯುದ್ದಕ್ಕೂ ಅವನಿಗಾಗಿ ಕಾಯುವುದೇ ನನ್ನ ಕೆಲಸವಾಗುತ್ತದೆಂದು ಮನಸ್ಸಿನಲ್ಲಿಯೇ ಗೊಣಗಿಕೊಂಡಿದ್ದೆ.

ಮೊದಲ ದಿನ ಹಾಗೆಯೇ ಆಯಿತು. ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮಾತ್ರವಲ್ಲದೆ ಸೈಕಲ್ಲಿನಂಥ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲವಾದ್ದರಿಂದ, ಶ್ರೀರಂಗಪಟ್ಟಣದವರೆಗೆ ಸರ್ವಿಸ್ ರಸ್ತೆಯಲ್ಲೇ ಹೋದೆವು. ಪಾಂಡವಪುರ ದಾಟಿ, ತೊಣ್ಣೂರು ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ, ಜಕ್ಕನಹಳ್ಳಿಯ ಮೇಲೆ ಮೇಲುಕೋಟೆಯ ಏರಿಗೆ ಬಂದಾಗ ಮಧ್ಯಾಹ್ನದ ಮೂರು ಗಂಟೆ. ಅತಿ ಸಣ್ಣ ಗೇರಿಗೆ ಹಾಕಿಕೊಂಡು ನಾನು ಮೇಲೆ ತಲುಪಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತ ಮುಕ್ಕಾಲು ಗಂಟೆಯ ಮೇಲೆ, ಅವನು ಸೈಕಲ್ಲನ್ನು ತಳ್ಳಿಕೊಂಡು ಬಂದ. ಬಂದವನಿಗೆ ಬೇಸರವೇನೂ ಇರಲಿಲ್ಲ. ನಡೆದು ಬಂದುದರಿಂದ ದಾರಿಯಲ್ಲಿ ಇಬ್ಬರ ಪರಿಚಯವಾಯಿತೆಂದು ಹೇಳಿದ. ಆ ರಾತ್ರಿ ಪುಳಿಯೋಗರೆ ತಿಂದು ಮಲಗಿದೆವು.

ಎರಡನೆಯ ದಿನ ಬೆಳಿಗ್ಗೆ ಇಳಿಜಾರಿನ ಸುಖವನ್ನು ಅನುಭವಿಸಿ ಜಕ್ಕನಹಳ್ಳಿ ದಾಟಿದ ಮೇಲೆ ಹುರುಳಿ ಎದುರಾಯಿತು. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಹುರುಳಿ ಗಿಡವನ್ನೋ ರಾಗಿ ತೆನೆಯನ್ನೋ ರಸ್ತೆಗೆ ಹರವಿದರೆ ಹೋಗಿಬರುವ ವಾಹನಗಳ ಚಕ್ರಗಳೇ ಒಕ್ಕಣೆ ಮಾಡಿಕೊಡುತ್ತವೆ. ನಾಲ್ಕು ಚಕ್ರದವರಿಗೆ ಅದು ಬರಿಯ ಸದ್ದು. ಬಳ್ಳಿಯ ಹಾಗೆ ಹೆಣೆದುಕೊಂಡ ಒಣ ಹುರುಳಿಯ ಮೇಲೆ ಇಳಿಯದೆ ಹಾಯ್ದುಹೋಗಲು ಹೊರಟದ್ದು ನನ್ನ ತಪ್ಪು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಬಳ್ಳಿಯೊಂದು ಹಿಂದಿನ ಡಿರೇಲರಿಗೆ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸಿ ಗೇರು ಬದಲಿಸುವ ಭಾಗಕ್ಕೆ) ಸುತ್ತಿಕೊಂಡಿತು, ನಾನು ತಿಳಿಯದೆ ಇನ್ನೊಂದು ಸಲ ಬಲವಾಗಿ ತುಳಿದೆ, ಡಿರೇಲರ್ ಮೇಲಕ್ಕೆ ತಿರುಚಿಕೊಂಡು ಕಡ್ಡಿಗಳ ನಡುವೆ ಸಿಕ್ಕಿ ಅದನ್ನು ಹಿಡಿದಿಡುವ ಹ್ಯಾಂಗರ್ ಮುರಿಯಿತು. ಗೆಳೆಯನ ಚೈನು ತಗಡಿನ ಪೆಟ್ಟಿಗೆಯೊಳಗೆ ಸುರಕ್ಷಿತವಾಗಿತ್ತು.

ಹ್ಯಾಂಗರ್ ಎಂಬುದು ಆಯಾ ಸೈಕಲ್ಲಿನ ಚೌಕಟ್ಟಿಗೆ ತಕ್ಕಂತೆ ಮಾಡಿದ ಬಿಡಿಭಾಗ. ಪಾಂಡವಪುರದಲ್ಲಿ ಸಿಗುವ ಮಾತೇ ಇರಲಿಲ್ಲ. ದಾರಿಬದಿಯ ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡಿ, ಡಿರೇಲರನ್ನು ಪೂರ್ತಿ ಬಿಚ್ಚಿ ನನ್ನ ಕೈಗಿಟ್ಟರು. ಆಮೇಲೆ ಚೈನಿನ ಪಿನ್ನು ಹೊಡೆದು, ಹೆಚ್ಚಾದ ಕೊಂಡಿಗಳನ್ನು ತೆಗೆದು, ಮುಂದಿನ ನಡುವಿನ ಚಕ್ರಕ್ಕೂ ಹಿಂದಿನ ಒಂದು ಚಕ್ರಕ್ಕೂ ನೇರವಾಗಿ ಬಿಗಿದರು. ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಸಾದಾ ಸೈಕಲ್ಲಿನಲ್ಲಿ ಹಿಂದಿನ ಚಕ್ರವನ್ನು ಹಿಂದಕ್ಕೆಳೆದು ಚೈನು ಬಿಗಿ ಮಾಡಬಹುದು. ನನ್ನದರಲ್ಲಿ ಅಚ್ಚು ಕೂರುವ ಸೀಳು ಕೆಳಮುಖವಾಗಿರುವುದರಿಂದ ಆ ಅವಕಾಶವಿಲ್ಲ. ಒಂದು ಹಲ್ಲಿನ ಚಕ್ರದಲ್ಲಿ ಚೈನು ಜೋಲುತ್ತಿತ್ತು, ಇನ್ನೊಂದರಲ್ಲಿ ಕೂರುತ್ತಲೇ ಇರಲಿಲ್ಲ. ಮೂರನೆಯದರಲ್ಲಿ ತಕ್ಕಮಟ್ಟಿಗೆ ನಿಂತಿತು. ಗುಡ್ಡ ಹತ್ತಬೇಡಿ, ನಿಂತು ತುಳಿಯಬೇಡಿ ಎಂದು ಹೇಳಿ ಅವರು ಕೈ ಒರೆಸಿಕೊಂಡರು.

ಗುಡ್ಡ ಹತ್ತದೆ ಮಂಡ್ಯಕ್ಕೆ ಹೋಗುವುದು ಹೇಗೆಂದು ನಾನು ಮೊಬೈಲಿನ ನಕ್ಷೆಯನ್ನು ಹಿಗ್ಗಿಸಿ ನೋಡುತ್ತಿರುವಾಗ ಗೆಳೆಯ ನಾಲೆಯ ಮೇಲೆ ಹೋಗೋಣವೆಂದ. ಅವನು ಅಚ್ಚುಕಟ್ಟಿನ ಹಳ್ಳಿಯವನು, ನನಗೆ ಹೊಳೆಯದ್ದು ಅವನಿಗೆ ಹೊಳೆಯಿತು. ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ (ಹಿಂದೆ ಇದಕ್ಕೆ ಇರ್ವಿನ್ ನಾಲೆಯೆಂದು ಹೆಸರಿತ್ತು) ನೀರನ್ನು ಪಂಪಿನಿಂದ ಎತ್ತುವುದಿಲ್ಲ, ತಾನಾಗಿ ಹರಿಯಬಿಡುತ್ತದೆ. ಹಾಗೆ ಹರಿಯಬೇಕಾದರೆ ಇಳಿಜಾರು ಕಣ್ಣಿಗೆ ಕಾಣದಷ್ಟು ಅಲ್ಪವಾಗಿರಬೇಕು. ಬೇಗ ಇಳಿದುಬಿಟ್ಟರೆ ದೂರದ ಗದ್ದೆಗಳು ನೀರಿಗಿಂತ ಎತ್ತರದಲ್ಲಿ ಉಳಿದುಬಿಡುತ್ತವೆ. ಆದ್ದರಿಂದ ದಿಣ್ಣೆ ಬಂದಲ್ಲಿ ನಾಲೆ ಅದನ್ನು ಹತ್ತದೆ ಬಳಸಿಕೊಂಡು ಹೋಗುತ್ತದೆ, ಅದರ ಏರಿಯ ಮೇಲಿನ ದಾರಿಯೂ ಹಾಗೆಯೇ. ದೂರ ಹೆಚ್ಚುತ್ತದೆ, ಏರು ಸಿಗುವುದಿಲ್ಲ. ಒಂದೇ ಗೇರಿನವನಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಯಾವುದಿದೆ?

ಆ ಮಧ್ಯಾಹ್ನದ ಸವಾರಿ ಇವತ್ತಿಗೂ ಕಣ್ಣ ಮುಂದಿದೆ. ಒಂದು ಕೈಗೆ ನೀರು ಹರಿಯುವ ಕೆಳಮಗ್ಗುಲು, ಅಲ್ಲಿ ಭತ್ತ ಕೊಯ್ದ ಗದ್ದೆ, ಕಬ್ಬು, ತೆಂಗು. ಇನ್ನೊಂದು ಕೈಗೆ, ನಾಲೆಯಿಂದ ನಾಲ್ಕಾಳೆತ್ತರ ಮೇಲಿರುವ ಒಂದೇ ಕಾರಣಕ್ಕೆ, ರಾಗಿ ಹುರುಳಿಗಳ ಬೆದ್ದಲು. ಮಂಡ್ಯ ಸೀಮೆಯ ಸಿರಿವಂತಿಕೆ ಬಡತನಗಳ ಗೆರೆ ಎಲ್ಲಿದೆಯೆಂದು ಸೈಕಲ್ಲಿನ ಮೇಲೆ ಕುಳಿತವನಿಗೆ ಕತ್ತು ತಿರುಗಿಸಿದರೆ ಕಾಣುತ್ತದೆ. ಆಲೆಮನೆಯೊಂದರಲ್ಲಿ ಕೊಪ್ಪರಿಗೆಯಿಂದ ಆಗತಾನೆ ತೆಗೆದ ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಏರಿಯ ದಾರಿಯ ಅಪಾಯವನ್ನೂ ಹೇಳಬೇಕು. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡರು. ನಾವು ಹೋದ ಬಹುಭಾಗದಲ್ಲಿ ತಡೆಗೋಡೆ ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಬಂದಾಗಲೆಲ್ಲ ನೀರಿನ ಕಡೆಗೆ ಸರಿಯದೆ ಗದ್ದೆಯ ಕಡೆಗೆ ಇಳಿದು ನಿಂತೆವು, ಬೆಳಕು ಇಳಿಯುವ ಮೊದಲೇ ಏರಿಯನ್ನು ಬಿಟ್ಟೆವು.

ಹುಲಿಕೆರೆಯಲ್ಲಿ ಮಾತ್ರ ನಾಲೆ ನಮಗೆ ಕೈಕೊಟ್ಟಿತು. ಅಲ್ಲಿ ಬಳಸಲಾಗದ ಗುಡ್ಡಕ್ಕೆ ಸುರಂಗ ಕೊರೆದಿದ್ದಾರೆ. ನೀರು ಕತ್ತಲೊಳಗೆ ಹೊಕ್ಕಿತು, ನಾವು ಹೊರಗೆ ಉಳಿದೆವು. ಮೇಲುಕೋಟೆಯಲ್ಲಿ ಗೆಳೆಯ ಮಾಡಿದ್ದನ್ನು ಈಗ ಇಬ್ಬರೂ ಮಾಡಬೇಕಾಯಿತು. ತಳ್ಳಿಕೊಂಡು ಹೋಗುವಾಗ, ಹಿಂದಿನ ದಿನ ದಾರಿಯಲ್ಲಿ ಪರಿಚಯವಾದ ಆ ಇಬ್ಬರು ಯಾರೆಂದು ಅವನನ್ನು ಮೊದಲ ಬಾರಿಗೆ ಕೇಳಿದೆ. ಕಥೆ ಮುಗಿಯುವುದಕ್ಕೆ ಮುಂಚೆ ಗುಡ್ಡ ಮುಗಿಯಿತು.

ಮೂರನೆಯ ದಿನದ ಬಗ್ಗೆ ಹೇಳಲು ಹೆಚ್ಚಿಲ್ಲ. ಬನ್ನೂರಿನಿಂದ ಸೋಮನಾಥಪುರಕ್ಕೆ ಹೋಗಿ 1258ರ ಕೇಶವ ದೇವಾಲಯವನ್ನು ನೋಡುವುದು ಮೂಲ ಯೋಜನೆಯಲ್ಲಿತ್ತು. ನನ್ನ ಮಂಡಿ ಒಪ್ಪದ್ದರಿಂದ ಕೈಬಿಟ್ಟೆವು. ಬನ್ನೂರಿನಿಂದ ಮೈಸೂರಿಗೆ ರಸ್ತೆ ಸಣ್ಣಗೆ ಏರುತ್ತಲೇ ಹೋಗುತ್ತದೆ, ಚೈನು ಮೂರು ಸಲ ಹಾರಿತು, ಪ್ರತಿ ಸಲವೂ ಗೆಳೆಯ ಹೇಳದೆಯೇ ನಿಂತ. ಚಾಮುಂಡಿ ಬೆಟ್ಟ ಕಾಣಿಸಿಕೊಂಡ ಮೇಲೆ ಉಳಿದ ದಾರಿಯನ್ನು ಅಕ್ಕಪಕ್ಕದಲ್ಲೇ ತುಳಿದೆವು.